ಬೆಂಗಳೂರಿನಲ್ಲಿ ರಾಜ್ಯಶಾಸ್ತ್ರ ಓದುವುದು ಹೇಗೆ: ಹೊಸದಾಗಿ ಬಿಎ ಸೇರಿದವರಿಗೆ

ಬಿಎ ಮೊದಲ ವರ್ಷದ ತರಗತಿ. ಬೋರ್ಡಿನ ಮೇಲೆ ರಾಜ್ಯದ ನಾಲ್ಕು ಮೂಲಾಂಶ ಬರೆದಿದ್ದೆ. ಜನಸಂಖ್ಯೆ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ. ಶಿರಾ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿದ್ದ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಕರ್ನಾಟಕಕ್ಕೆ ಪರಮಾಧಿಕಾರ ಇಲ್ಲ. ಹಾಗಾದ್ರೆ ಕರ್ನಾಟಕ ರಾಜ್ಯಾನೇ ಅಲ್ವಾ?"

ಹಿಂದಿನ ಬೆಂಚಿನವರು ನಕ್ಕರು. ಆದರೆ ಆ ವಾರ ತರಗತಿಯಲ್ಲಿ ಬಂದ ಅತಿ ಒಳ್ಳೆಯ ಪ್ರಶ್ನೆ ಅದು. ಪಠ್ಯದಲ್ಲಿ ಬರುವ 'ರಾಜ್ಯ' ಅಂದರೆ ಪ್ರಭುತ್ವ. ಆ ಅರ್ಥದಲ್ಲಿ ಭಾರತ ರಾಜ್ಯ, ಕರ್ನಾಟಕ ಅಲ್ಲ. ನಾವು ದಿನಾ ಹೇಳುವ 'ರಾಜ್ಯ' ಅಂದರೆ ಒಕ್ಕೂಟದ ಒಂದು ಘಟಕ. ಸಂವಿಧಾನದ 12ನೇ ವಿಧಿಗೆ ಹೋದರೆ ಮೂರನೇ ಅರ್ಥ ಸಿಗುತ್ತದೆ. ಮೂಲಭೂತ ಹಕ್ಕುಗಳ ಭಾಗದ ಮಟ್ಟಿಗೆ ಕೇಂದ್ರ ಸರ್ಕಾರ, ಸಂಸತ್ತು, ರಾಜ್ಯ ಸರ್ಕಾರ, ವಿಧಾನಮಂಡಲ, ಕೊನೆಗೆ ನಿಮ್ಮ ಏರಿಯಾದ ಪಾಲಿಕೆಯೂ 'ರಾಜ್ಯ'ವೇ. ಒಂದು ಪದಕ್ಕೆ ಮೂರು ಅರ್ಥ, ಮೂರೂ ಪರೀಕ್ಷೆಗೆ ಬರುತ್ತವೆ. ಇದನ್ನು ಮೊದಲ ತಿಂಗಳಲ್ಲೇ ಬಿಡಿಸಿಕೊಳ್ಳದಿದ್ದರೆ ಮೂರು ವರ್ಷವೂ ಗೊಂದಲ ಬೆನ್ನು ಬಿಡುವುದಿಲ್ಲ.

ಅದಕ್ಕೇ ನಾನು ಹೇಳುವ ಮೊದಲ ಕೆಲಸ: ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಪದಗಳಿಗೆ ಮಾತ್ರ ಇಟ್ಟುಕೊಳ್ಳಿ. ಎಡಗಡೆ ಕನ್ನಡ ಪದ, ಅದರ ಕೆಳಗೆ ಇಂಗ್ಲಿಷ್ ಪದ. ಬಲಗಡೆ ನಿಮ್ಮದೇ ಮಾತಿನಲ್ಲಿ ಎರಡು ಸಾಲು, ಮತ್ತೆ ನೀವು ಕಣ್ಣಾರೆ ಕಂಡ ಒಂದು ಉದಾಹರಣೆ. ಉದಾಹರಣೆ ಸಿಗುವ ತನಕ ಆ ಜಾಗ ಖಾಲಿ ಬಿಡಿ, ಪುಸ್ತಕದ ಉದಾಹರಣೆ ತಂದು ತುಂಬಿಸಬೇಡಿ. 'ಅಧಿಕಾರ' ಅನ್ನುವ ಪದವನ್ನೇ ನೋಡಿ. ಇಂಗ್ಲಿಷ್‌ನಲ್ಲಿ ಪವರ್ ಬೇರೆ, ಅಥಾರಿಟಿ ಬೇರೆ. ಕನ್ನಡದಲ್ಲಿ ಎರಡಕ್ಕೂ ಅಧಿಕಾರ ಅಂತಲೇ ಹೇಳಿಬಿಡುತ್ತೇವೆ. ಲೇಔಟ್‌ನಲ್ಲಿ ಪಾರ್ಕಿಂಗ್ ಜಾಗಕ್ಕೆ ಹೆದರಿಸಿ ದುಡ್ಡು ಕೀಳುವವನ ಹತ್ತಿರ ಇರುವುದು ಪವರ್, ಸಿಗ್ನಲ್‌ನಲ್ಲಿ ಕೈ ಎತ್ತಿ ಗಾಡಿ ನಿಲ್ಲಿಸುವ ಟ್ರಾಫಿಕ್ ಪೊಲೀಸರ ಹತ್ತಿರ ಇರುವುದು ಅಥಾರಿಟಿ, ಯಾಕೆಂದರೆ ಅವರು ನಿಲ್ಲಿಸಿದರೆ ನಿಲ್ಲಬೇಕು ಅಂತ ನಾವು ಮೊದಲೇ ಒಪ್ಪಿಕೊಂಡಿದ್ದೇವೆ. ಈ ವ್ಯತ್ಯಾಸ ಒಮ್ಮೆ ತಲೆಗೆ ಹೋದರೆ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಪಾಠ ಅರ್ಧ ಮುಗಿದ ಹಾಗೆ. 'ಸ್ವಾತಂತ್ರ್ಯ'ದ ಕಥೆಯೂ ಇದೇ. ದೇಶಕ್ಕೆ 1947ರಲ್ಲಿ ಬಂದದ್ದೂ ಸ್ವಾತಂತ್ರ್ಯ, ಮಾತಾಡುವ, ಸಭೆ ಸೇರುವ ಹಕ್ಕು ಕೊಡುವ ಸಂವಿಧಾನದ 19ನೇ ವಿಧಿಯಲ್ಲಿ ಇರುವುದೂ ಸ್ವಾತಂತ್ರ್ಯ. ಎರಡೂ ಒಂದೇ ಅಲ್ಲ.

ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಪುಸ್ತಕ ನೋಡಿ ಹೆದರುವುದು ನನಗೆ ಗೊತ್ತು. ನಾನೂ ಹಾಗೇ ಬಂದವನು. ನೀವು ಕನ್ನಡದಲ್ಲಿ ಯೋಚನೆ ಮಾಡಿ, ಕನ್ನಡದಲ್ಲೇ ವಾದ ಮಾಡಿ, ಆದರೆ ಪ್ರತಿ ಪದದ ಇಂಗ್ಲಿಷ್ ಜೋಡಿಯನ್ನು ಮಾತ್ರ ಬಿಡಬೇಡಿ. ಎರಡನೇ ವರ್ಷದ ಹೊತ್ತಿಗೆ ಇಂಗ್ಲಿಷ್ ಪುಸ್ತಕದ ಪುಟ ತೆಗೆದರೆ ಗುರುತಿನ ಮುಖಗಳು ಜಾಸ್ತಿ ಕಾಣುತ್ತವೆ.

ಇನ್ನು ಜೆರಾಕ್ಸ್ ನೋಟ್ಸ್ ವಿಷಯ. ಪ್ರತಿ ಕಾಲೇಜಿನ ಎದುರಿಗೂ ಒಂದು ಅಂಗಡಿ ಇರುತ್ತದೆ, ಪರೀಕ್ಷೆಗೆ ಎರಡು ವಾರ ಇರುವಾಗ ಅಲ್ಲಿ ಕ್ಯೂ ಇರುತ್ತದೆ. ನಾನು ಬಿಎ ಓದುವಾಗ ಅಂಥ ಒಂದು ನೋಟ್ಸ್ ನಂಬಿ ಮೂಲಭೂತ ಹಕ್ಕುಗಳು ಏಳು ಅಂತ ಬರೆದು, ಆಸ್ತಿ ಹಕ್ಕಿನ ಬಗ್ಗೆ ಒಂದು ಪುಟ ತುಂಬಿಸಿ ಬಂದೆ. ಆಸ್ತಿ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಗೆ ಹೋದದ್ದು 1978ರ 44ನೇ ತಿದ್ದುಪಡಿಯಲ್ಲಿ. ಈಗ ಅದು 300ಎ ವಿಧಿಯಲ್ಲಿರುವ ಬರೀ ಕಾನೂನಾತ್ಮಕ ಹಕ್ಕು. ಯಾರೋ ಹಳೇ ಕಾಲದಲ್ಲಿ ಬರೆದದ್ದನ್ನು ವರ್ಷಗಟ್ಟಲೆ ಜೆರಾಕ್ಸ್ ಮಾಡುತ್ತಾ ಬಂದಿದ್ದರು. ಅಂಕ ಹೋಯಿತು, ಅದಕ್ಕಿಂತ ಜಾಸ್ತಿ ನೋವಾದದ್ದು, ಸಂವಿಧಾನದ ಪುಸ್ತಕ ತೆರೆದು ಎರಡು ನಿಮಿಷ ನೋಡಿದ್ದರೆ ಗೊತ್ತಾಗುತ್ತಿತ್ತಲ್ಲ ಅಂತ. ಈಗಂತೂ ಸಂವಿಧಾನದ ಪಿಡಿಎಫ್ ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಉಚಿತವಾಗಿ ಸಿಗುತ್ತದೆ. ಎರಡನ್ನೂ ಫೋನಿಗೆ ಇಳಿಸಿಕೊಳ್ಳಿ. ನೋಟ್ಸ್ ಬೇಡ ಅಂತ ನಾನು ಹೇಳುವುದಿಲ್ಲ, ಕೊನೇ ವಾರಕ್ಕೆ ಅವು ಬೇಕು. ಆದರೆ ನೋಟ್ಸ್‌ನಲ್ಲಿ ಯಾವುದೇ ವಿಧಿಯ ಸಂಖ್ಯೆ ಕಂಡರೆ ಮೂಲವನ್ನು ತೆರೆದು ನೋಡದೆ ಮುಂದೆ ಹೋಗಬೇಡಿ.

ಮೂಲ ಓದುವುದು ಹೇಗೆ ಅಂತ ಒಂದು ಉದಾಹರಣೆ ತೆಗೆದುಕೊಂಡು ತೋರಿಸುತ್ತೇನೆ. 356ನೇ ವಿಧಿ, ರಾಷ್ಟ್ರಪತಿ ಆಳ್ವಿಕೆ. ಗೈಡ್‌ನಲ್ಲಿ ಇದಕ್ಕೆ ನಾಲ್ಕು ಸಾಲು ಇರುತ್ತದೆ. ವಿಧಿಯನ್ನೇ ತೆರೆದರೆ ರಾಜ್ಯಪಾಲರಿಂದ ವರದಿ ಬಂದಾಗ 'ಅಥವಾ ಅನ್ಯಥಾ' ಅನ್ನುವ ಅರ್ಥದ ಮಾತು ಸಿಗುತ್ತದೆ. ಆ 'ಅನ್ಯಥಾ' ಮೇಲೆ ಬೆರಳಿಡಿ. ರಾಜ್ಯಪಾಲರು ವರದಿ ಕೊಡದೇ ಇದ್ದರೂ ಕೇಂದ್ರ ಕ್ರಮ ತೆಗೆದುಕೊಳ್ಳಬಹುದು ಅಂತ ಆಯಿತು. ಇಷ್ಟು ದೊಡ್ಡ ಅಧಿಕಾರಕ್ಕೆ ಕಡಿವಾಣ ಎಲ್ಲಿದೆ ಅಂತ ನಿಮಗೇ ಪ್ರಶ್ನೆ ಹುಟ್ಟಬೇಕು. ಹುಟ್ಟಿದ ಮೇಲೆ ಎಸ್.ಆರ್. ಬೊಮ್ಮಾಯಿ ಪ್ರಕರಣಕ್ಕೆ ಬನ್ನಿ.

1989ರ ಏಪ್ರಿಲ್. ಬೊಮ್ಮಾಯಿ ಮುಖ್ಯಮಂತ್ರಿ. ಬೆಂಬಲ ವಾಪಸ್ ಪಡೆದಿದ್ದೇವೆ ಅನ್ನುವ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಕೆಲವೇ ದಿನಗಳಲ್ಲಿ ಅವರಲ್ಲಿ 7 ಮಂದಿ, ನಮ್ಮ ಸಹಿಯನ್ನು ತಪ್ಪು ಹೇಳಿ ತೆಗೆದುಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅಂದರು. ಸದನ ಕರೆಯಿರಿ, ಅಲ್ಲೇ ಬಹುಮತ ತೋರಿಸುತ್ತೇನೆ ಅಂತ ಬೊಮ್ಮಾಯಿ ಕೇಳಿಕೊಂಡರು. ಅವಕಾಶ ಸಿಗಲಿಲ್ಲ, ಸರ್ಕಾರ ವಜಾ ಆಯಿತು. ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ತೀರ್ಮಾನ ಆಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. 356ರ ಘೋಷಣೆಯನ್ನು ಕೋರ್ಟ್ ಪರಿಶೀಲಿಸಬಹುದು ಅಂತಲೂ ಹೇಳಿತು. ಇನ್ನು 2018ರ ಮೇ ತಿಂಗಳಿಗೆ ಬನ್ನಿ. ಯಡಿಯೂರಪ್ಪ ಅವರಿಗೆ ಬಹುಮತ ತೋರಿಸಲು ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟ್ ಅದನ್ನು ಮರುದಿನ ಸಂಜೆ 4 ಗಂಟೆಗೆ ಇಳಿಸಿತು. ಮೇ 19ರಂದು ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಕೊಟ್ಟರು. ಈ ಎರಡು ಘಟನೆಗಳ ನಡುವೆ 29 ವರ್ಷ ಇದೆ, ಸದನ ಮಾತ್ರ ಅದೇ. ಬಿಎಂಟಿಸಿ ಬಸ್ಸಿನ ಕಿಟಕಿಯಿಂದ ಕಾಣುವ ಅದೇ ವಿಧಾನಸೌಧ.

ಒಂದು ವಿಧಿ, ಒಂದು ಪ್ರಕರಣ, ಒಂದು ಇತ್ತೀಚಿನ ಘಟನೆ. ಈ ಮೂರನ್ನೂ ಒಂದೇ ಪುಟದಲ್ಲಿ ಬರೆದುಕೊಳ್ಳಿ. ವಾರಕ್ಕೆ ಒಂದು ವಿಧಿ ಮಾಡಿದರೆ ಸಾಕು. ತೀರ್ಪು ಇಡೀ ಓದಬೇಕಾಗಿಲ್ಲ, ನೂರಾರು ಪುಟ ಇರುತ್ತದೆ, ಕೊನೆಯಲ್ಲಿರುವ ನಿರ್ಣಯಗಳ ಭಾಗ ಓದಿ.

ಲೆಕ್ಕಕ್ಕೆ ಹೆದರಿ ಬಿಎಗೆ ಬಂದವರು ಬೇಜಾರು ಮಾಡಿಕೊಳ್ಳಬೇಡಿ, ಈ ವಿಷಯಕ್ಕೆ ಸ್ವಲ್ಪ ಲೆಕ್ಕ ಬೇಕು. ಕೂಡುವುದು, ಭಾಗಿಸುವುದು ಬಂದರೆ ಆಯಿತು. 2018ರ ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿಗೆ ಸುಮಾರು ಶೇ 36 ಮತ, 104 ಸ್ಥಾನ. ಕಾಂಗ್ರೆಸ್ಸಿಗೆ ಸುಮಾರು ಶೇ 38 ಮತ, ಆದರೆ ಬಂದ ಸ್ಥಾನ ಬಿಜೆಪಿಗಿಂತ ಕಡಿಮೆ, ಅಂತರ ಇಪ್ಪತ್ತಕ್ಕೂ ಮೇಲೆ. 2023ರಲ್ಲಿ ಬಿಜೆಪಿಯ ಮತ ಹೆಚ್ಚುಕಡಿಮೆ ಅದೇ ಶೇ 36, ಸ್ಥಾನ ಮಾತ್ರ 66ಕ್ಕೆ ಇಳಿಯಿತು. ಕಾಂಗ್ರೆಸ್ ಸುಮಾರು ಶೇ 43 ಮತ ಪಡೆದು 135ಕ್ಕೆ ಏರಿತು. ಮತ ಅಷ್ಟೇ ಇದ್ದರೂ 38 ಸ್ಥಾನ ಹೋಗುವುದು ಹೇಗೆ? ಇದನ್ನು ಎದುರಿಗಿಟ್ಟುಕೊಂಡು ಕುಳಿತರೆ 'ಹೆಚ್ಚು ಮತ ಪಡೆದವರೇ ಗೆದ್ದವರು' ಅನ್ನುವ ಪದ್ಧತಿಯ ಗುಣ ದೋಷ ಎರಡೂ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಜೆಡಿಎಸ್‌ನ ಮತಪ್ರಮಾಣ ಎರಡೂ ವರ್ಷ ಎಷ್ಟಿತ್ತು ಅಂತ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ನೀವೇ ತೆಗೆದು ಪಕ್ಕದಲ್ಲಿ ಬರೆಯಿರಿ. ಆಮೇಲೆ ನಿಮ್ಮ ಕ್ಷೇತ್ರದ ಅಂಕಿ ನೋಡಿ. ಅದೇ 2023ರಲ್ಲಿ ಜಯನಗರದ ಫಲಿತಾಂಶ ಮರುಎಣಿಕೆಯ ಮೇಲೆ ತೀರ್ಮಾನವಾಯಿತು, ಅಂತರ ಬರೀ 16 ಮತ. ನನ್ನ ಒಂದು ಮತದಿಂದ ಏನಾಗುತ್ತೆ ಅಂತ ಕೇಳುವ ಗೆಳೆಯರಿಗೆ ಹೇಳಲು ಇದು ಇರಲಿ.

ಚಿಂತಕರ ಪತ್ರಿಕೆ ಎಲ್ಲರಿಗೂ ಕಷ್ಟ. ಪ್ಲೇಟೋ, ಅರಿಸ್ಟಾಟಲ್, ಮ್ಯಾಕಿಯವೆಲ್ಲಿ, ಹಾಬ್ಸ್, ಲಾಕ್, ರೂಸೊ ಅಂತ ಸಾಲಾಗಿ ಬರುತ್ತಾರೆ, ಎರಡು ವಾರದಲ್ಲಿ ಯಾರು ಏನು ಹೇಳಿದರು ಅನ್ನುವುದು ಕಲಸಿಹೋಗುತ್ತದೆ. ನಾನು ಒಂದು ಪ್ರಶ್ನೆ ಹಿಡಿದುಕೊಳ್ಳಲು ಹೇಳುತ್ತೇನೆ: ಈ ಮನುಷ್ಯನ ನಿದ್ದೆ ಕೆಡಿಸಿದ್ದು ಏನು? ಪ್ಲೇಟೋ ಕಣ್ಣೆದುರಿಗೇ ಅಥೆನ್ಸಿನ ಪ್ರಜಾಪ್ರಭುತ್ವ ಸಾಕ್ರಟೀಸ್‌ಗೆ ಮರಣದಂಡನೆ ಕೊಟ್ಟಿತು. ಅವನಿಗೆ ಪ್ರಜಾಪ್ರಭುತ್ವದ ಮೇಲೆ ಯಾಕೆ ಸಿಟ್ಟು ಅನ್ನುವುದಕ್ಕೆ ಬೇರೆ ನೋಟ್ಸ್ ಬೇಕೇ? ಹಾಬ್ಸ್ ಕಂಡದ್ದು ಇಂಗ್ಲೆಂಡಿನ ಅಂತರ್ಯುದ್ಧ, ಹಾಗಾಗಿ ಎಂಥ ಗಟ್ಟಿ ದೊರೆಯಾದರೂ ಸರಿ, ಅರಾಜಕತೆ ಬೇಡ ಅಂದ. ಮ್ಯಾಕಿಯವೆಲ್ಲಿ ಫ್ಲಾರೆನ್ಸಿನಲ್ಲಿ ಆಡಳಿತದ ಒಳಗಿದ್ದವನು, 1512ರಲ್ಲಿ ಮೆಡಿಚಿ ಮನೆತನ ವಾಪಸ್ ಬಂದ ಮೇಲೆ ಕೆಲಸ ಕಳೆದುಕೊಂಡು ಊರ ಹೊರಗೆ ಕುಳಿತು ಬರೆದವನು. ಭಯ ಗೊತ್ತಾದರೆ ವಾದ ನೆನಪಿರುತ್ತದೆ.

ಕೌಟಿಲ್ಯನ ಪಾಠ ಬಂದಾಗ ನಮಗೆ ಇನ್ನೊಂದು ಹತ್ತಿರದ ಸಂಬಂಧ ಇದೆ. ಕಳೆದೇಹೋಯಿತು ಅಂದುಕೊಂಡಿದ್ದ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿ. 1909ರಲ್ಲಿ ಅದು ಅಚ್ಚಾಯಿತು. ಭಾರತಕ್ಕೆ ರಾಜಕೀಯ ಚಿಂತನೆಯೇ ಇರಲಿಲ್ಲ ಅನ್ನುತ್ತಿದ್ದವರ ಬಾಯಿಗೆ ಉತ್ತರ ಸಿಕ್ಕಿದ್ದು ನಮ್ಮ ಪಕ್ಕದ ಊರಿನಲ್ಲಿ.

ಸಾರ್ವಜನಿಕ ಆಡಳಿತ ಅನ್ನುವ ಪತ್ರಿಕೆಯನ್ನು ಒಣ ವಿಷಯ ಅಂತ ಬದಿಗೆ ತಳ್ಳುತ್ತಾರೆ. ನೀವು ಸ್ಕಾಲರ್‌ಶಿಪ್‌ಗೆ ಜಾತಿ ಆದಾಯ ಪ್ರಮಾಣಪತ್ರ ಮಾಡಿಸಿದ್ದೀರಿ ತಾನೇ? ಆ ಅರ್ಜಿ ನಾಡಕಚೇರಿಯಿಂದ ಗ್ರಾಮ ಆಡಳಿತ ಅಧಿಕಾರಿಗೆ (ಹಿಂದಿನ ಹೆಸರು ಗ್ರಾಮ ಲೆಕ್ಕಿಗ), ಅಲ್ಲಿಂದ ರೆವಿನ್ಯೂ ಇನ್‌ಸ್ಪೆಕ್ಟರ್‌ಗೆ, ಆಮೇಲೆ ತಹಶೀಲ್ದಾರ್ ಮಟ್ಟಕ್ಕೆ ಹೋಯಿತು. ಮೇಲಿನವರು ಕೆಳಗಿನವರ ವರದಿ ಇಲ್ಲದೆ ಸಹಿ ಹಾಕುವುದಿಲ್ಲ, ಎಲ್ಲವೂ ಬರವಣಿಗೆಯಲ್ಲೇ ಇರಬೇಕು, ಕುರ್ಚಿಯಲ್ಲಿ ಯಾರೇ ಕುಳಿತಿದ್ದರೂ ನಿಯಮ ಅದೇ. ವೇಬರ್ ಅಧಿಕಾರಶಾಹಿಯ ಲಕ್ಷಣ ಅಂತ ಹೇಳಿದ್ದು ಇದನ್ನೇ, ಶ್ರೇಣಿ, ಲಿಖಿತ ಕಡತ, ವ್ಯಕ್ತಿ ನೋಡದ ನಿಯಮ. ಅರ್ಜಿ ಯಾವ ಮೇಜಿನ ಮೇಲೆ ಎಷ್ಟು ದಿನ ಇತ್ತು ಅಂತ ಬರೆದಿಡಿ. ಸೇವೆಗೆ ಗಡುವು ಹಾಕಿದ 2011ರ ಸಕಾಲ ಕಾಯ್ದೆ ಯಾಕೆ ಬೇಕಾಯಿತು ಅನ್ನುವುದು ಆಗ ಬೇಗ ಅರ್ಥವಾಗುತ್ತದೆ.

ಒಕ್ಕೂಟ ವ್ಯವಸ್ಥೆಗೆ ಕಾವೇರಿಗಿಂತ ಒಳ್ಳೆಯ ಪಾಠ ಇಲ್ಲ. ನಲ್ಲಿ ತಿರುಗಿಸಿದರೆ ಬರುವ ನೀರಿನ ಹಿಂದೆ ಕೇಂದ್ರಕ್ಕೂ ರಾಜ್ಯಗಳಿಗೂ ವಿಷಯ ಹಂಚುವ ಸಂವಿಧಾನದ ಇಡೀ ಏಳನೇ ಅನುಸೂಚಿ ಇದೆ. ನೀರು ರಾಜ್ಯಪಟ್ಟಿಯ 17ನೇ ನಮೂದು, ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರಪಟ್ಟಿಯ 56ನೇ ನಮೂದು, ಜಗಳ ಬಂದರೆ 262ನೇ ವಿಧಿ. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 14.75 ಟಿಎಂಸಿ ಅಡಿ ಹೆಚ್ಚಿಸಿತು, ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ ಅಂತಲೇ ಕೊಟ್ಟದ್ದು. ಈ ವಿಷಯದಲ್ಲಿ ತಮಿಳುನಾಡಿನ ವಾದವನ್ನೂ ಓದಿ. ಸಿಟ್ಟು ಬರುತ್ತದೆ, ಆದರೂ ಓದಿ. ಮದ್ರಾಸ್ ಮತ್ತು ಮೈಸೂರಿನ ನಡುವೆ ಆದ 1924ರ ಒಪ್ಪಂದದ ಬಗ್ಗೆ ಅವರು ಏನು ಹೇಳುತ್ತಾರೆ, ನಾವು ಏನು ಹೇಳುತ್ತೇವೆ ಅಂತ ಎರಡು ಕಾಲಂ ಹಾಕಿ ಬರೆಯಿರಿ.

ಸ್ಥಳೀಯ ಸರ್ಕಾರದ ಪಾಠಕ್ಕೆ 243ಯು ವಿಧಿ ತೆರೆಯಿರಿ. ಪಾಲಿಕೆಯ ಅವಧಿ ಐದು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ, ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಅಂತ ಸ್ಪಷ್ಟವಾಗಿದೆ. ಬಿಬಿಎಂಪಿಗೆ 2015ರಲ್ಲಿ ಚುನಾವಣೆ ಆಯಿತು, 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ಆಮೇಲೆ ಚುನಾಯಿತ ಸದಸ್ಯರಿಲ್ಲದೆ ಅಧಿಕಾರಿಗಳೇ ವರ್ಷಗಟ್ಟಲೆ ನಡೆಸಿದರು, 2025ರಲ್ಲಿ ಅದು ಐದು ನಗರ ಪಾಲಿಕೆಗಳಾಗಿ ಒಡೆಯಿತು. ಸಂವಿಧಾನದಲ್ಲಿ ಬರೆದದ್ದು ಬೀದಿಗೆ ಇಳಿಯುವ ಹೊತ್ತಿಗೆ ಎಲ್ಲಿ ಸಿಕ್ಕಿಕೊಳ್ಳುತ್ತದೆ? ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟ್ ಕೇಸು, ಶಾಸಕರ ಹಿತ. ಒಂದೊಂದನ್ನೂ ಹಳೇ ಪತ್ರಿಕೆಗಳಲ್ಲಿ ಹುಡುಕಿ ಬರೆದರೆ ನಿಮ್ಮ ಪ್ರಾಜೆಕ್ಟ್ ಸಿದ್ಧ. ನನ್ನನ್ನು ಕೇಳಿದರೆ ಈ ಊರಿನ ವಿದ್ಯಾರ್ಥಿ ಮಾಡಬಹುದಾದ ಅತಿ ಮುಖ್ಯ ಪ್ರಾಜೆಕ್ಟ್ ಇದು.

ಒಂದು ಶನಿವಾರ ಇದಕ್ಕೆ ಅಂತ ಇಟ್ಟುಕೊಳ್ಳಿ. ಮೆಟ್ರೋ ಹತ್ತಿ ವಿಧಾನಸೌಧದ ಅಂಬೇಡ್ಕರ್ ನಿಲ್ದಾಣದಲ್ಲಿ ಇಳಿಯಿರಿ. ಒಂದು ಕಡೆ ಶಾಸಕಾಂಗ, ರಸ್ತೆ ದಾಟಿದರೆ ಕೆಂಪು ಬಣ್ಣದ ಅಠಾರ ಕಚೇರಿ, ಹೈಕೋರ್ಟ್. ಅಧಿಕಾರ ವಿಭಜನೆ ಅನ್ನುವ ಪಾಠ ಅಷ್ಟು ಅಗಲದ ರಸ್ತೆಯಲ್ಲಿದೆ. ಅಲ್ಲಿಂದ ಕಬ್ಬನ್ ಪಾರ್ಕ್ ಒಳಗೆ ನಡೆದರೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯ. ಆಮೇಲೆ ಕೆ.ಆರ್. ಸರ್ಕಲ್ ದಾಟಿ ಫ್ರೀಡಂ ಪಾರ್ಕ್‌ಗೆ ಹೋಗಿ. ಅದು ಹಿಂದೆ ಸೆಂಟ್ರಲ್ ಜೈಲು. 1975ರ ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟದ್ದು ಅಲ್ಲೇ. ಕಲಾವಿದೆ ಸ್ನೇಹಲತಾ ರೆಡ್ಡಿ ತಿಂಗಳುಗಟ್ಟಲೆ ಅಲ್ಲಿದ್ದು, ಆರೋಗ್ಯ ಪೂರ್ತಿ ಹಾಳಾದ ಮೇಲೆ ಬಿಡುಗಡೆಯಾಗಿ, ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಉಳಿಸಿರುವ ಸೆಲ್‌ಗಳ ಮುಂದೆ ಐದು ನಿಮಿಷ ಸುಮ್ನೆ ನಿಂತು, ಫೋನಿನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯ 352ನೇ ವಿಧಿ ತೆರೆಯಿರಿ. 'ಸಶಸ್ತ್ರ ಬಂಡಾಯ' ಅನ್ನುವ ಪದ ಇದೆ. 1975ರಲ್ಲಿ ಆ ಜಾಗದಲ್ಲಿ 'ಆಂತರಿಕ ಗಲಭೆ' ಅಂತ ಇತ್ತು. ಪದ ಬದಲಾಯಿಸಿದ್ದು ಅದೇ 44ನೇ ತಿದ್ದುಪಡಿ. ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಯ ರಕ್ಷಣೆ ನಿಲ್ಲಿಸುವ ಹಾಗಿಲ್ಲ ಅಂತ ಬರೆದದ್ದೂ ಅದೇ. ಹೊರಗೆ ಬಂದರೆ ಯಾವುದಾದರೂ ಪ್ರತಿಭಟನೆ ನಡೆಯುತ್ತಿರುವ ಸಾಧ್ಯತೆ ಜಾಸ್ತಿ. ಆಶಾ ಕಾರ್ಯಕರ್ತೆಯರೋ, ಅಂಗನವಾಡಿಯವರೋ, ರೈತರೋ ಕುಳಿತಿರುತ್ತಾರೆ. ಹೋಗಿ ಮಾತಾಡಿಸಿ. ಅವರ ಕೈಯಲ್ಲಿರುವ ಬೇಡಿಕೆ ಪತ್ರದ ಒಂದು ಪ್ರತಿ ಕೇಳಿ ತೆಗೆದುಕೊಳ್ಳಿ. ಒತ್ತಡ ಗುಂಪು ಅನ್ನುವ ಅಧ್ಯಾಯಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದಿಲ್ಲ.

ಅಧಿವೇಶನ ನಡೆಯುವಾಗ ಗ್ಯಾಲರಿಯಲ್ಲಿ ಕುಳಿತು ನೋಡಬಹುದು. ಪಾಸ್ ಬೇಕು, ಕಾಲೇಜಿನ ಪತ್ರದ ಜೊತೆ ನಿಮ್ಮ ಶಾಸಕರ ಕಚೇರಿಯಲ್ಲಿ ಕೇಳಿ. 224 ಜನರ ಸಭೆಯಲ್ಲಿ ಎಷ್ಟು ಜನ ಕುಳಿತಿದ್ದಾರೆ ಎಣಿಸಿ, ಪ್ರಶ್ನೋತ್ತರ ವೇಳೆ ತಪ್ಪಿಸಬೇಡಿ. ಓದಲು ಇನ್ನೊಂದು ಒಳ್ಳೆಯ ಜಾಗ ಬುಲ್ ಟೆಂಪಲ್ ರಸ್ತೆಯ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಸಾಮಾನ್ಯ ಜನರಿಗೆ ಸಾರ್ವಜನಿಕ ವಿಷಯಗಳ ತಿಳಿವಳಿಕೆ ಬರಲಿ ಅಂತ ಡಿವಿಜಿ 1945ರಲ್ಲಿ ಕಟ್ಟಿದ್ದು.

ಒಂದು ಪಕ್ಷ, ಒಂದು ಸಂಘಟನೆಗೆ ಸೇರಬೇಕೋ ಬೇಡವೋ ಅಂತ ತುಂಬಾ ಜನ ಕೇಳುತ್ತಾರೆ. ಸೇರಿ, ಅದೂ ಕಲಿಕೆಯೇ. ಆದರೆ ತಿಂಗಳಿಗೊಮ್ಮೆ ಒಂದು ಅಭ್ಯಾಸ ಮಾಡಿ. ನಿಮಗೆ ಒಪ್ಪಿಗೆಯೇ ಇಲ್ಲದ ನಿಲುವನ್ನು ಆ ನಿಲುವಿನವರೇ ಭೇಷ್ ಅನ್ನುವ ಹಾಗೆ ಒಂದು ಪುಟ ಬರೆಯಿರಿ, ಆ ಕಡೆಯ ಗೆಳೆಯರಿಗೆ ಓದಲು ಕೊಡಿ. ಮೀಸಲಾತಿ, ಸಮಾನ ನಾಗರಿಕ ಸಂಹಿತೆ, ಹಿಂದಿ ಹೇರಿಕೆ, ಯಾವುದಾದರೂ ಸರಿ. ಮೊದಲ ಸಲ ಎಲ್ಲರೂ ಸೋಲುತ್ತಾರೆ. ನಾಲ್ಕನೇ ಸಲದ ಹೊತ್ತಿಗೆ ನಿಮ್ಮದೇ ನಿಲುವು ಎಲ್ಲಿ ಟೊಳ್ಳು ಅಂತ ಕಾಣಿಸುತ್ತದೆ.

ಪರೀಕ್ಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೇ ಐದು ವರ್ಷದ ಪ್ರಶ್ನೆಪತ್ರಿಕೆ ನೋಡಿ. ಉತ್ತರದ ಮೊದಲ ಪ್ಯಾರಾದಲ್ಲೇ ಪ್ರಶ್ನೆಗೆ ನೇರ ಉತ್ತರ ಕೊಡಿ, ಪೀಠಿಕೆಗೆ ಅರ್ಧ ಪುಟ ಕಳೆಯಬೇಡಿ. ಒಂದು ವಿಧಿ ಅಥವಾ ಚಿಂತಕ, ಒಂದು ಕರ್ನಾಟಕದ ಉದಾಹರಣೆ, ಒಂದು ವಿರುದ್ಧ ವಾದ ಇರಲಿ. ಮುಂದೆ ಪಾಠ ಮಾಡುವ ಆಸೆ ಇದ್ದರೆ ಎಂಎ ಮಾಡಿ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಬರೆಯಬೇಕು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಇದೇ ವಿಷಯ ಐಚ್ಛಿಕವಾಗಿದೆ, ಎರಡು ಪತ್ರಿಕೆ, ಒಟ್ಟು 500 ಅಂಕ. ಕಾನೂನು, ಪತ್ರಿಕೋದ್ಯಮದ ಕಡೆಗೂ ದಾರಿ ಇದೆ. ಮೊದಲ ವರ್ಷದಲ್ಲೇ ಕೋಚಿಂಗ್‌ಗೆ ದುಡ್ಡು ಕಟ್ಟಬೇಡಿ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ, ಸಂವಿಧಾನ ಸಭೆಯ ಚರ್ಚೆಗಳಿಂದ. ಇಡೀ ನಡಾವಳಿ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಇದೆ. 1949ರ ನವೆಂಬರ್ ತಿಂಗಳ ಪುಟಗಳಿಗೆ ಹೋಗಿ. ಮೈಸೂರಿನ ಪ್ರತಿನಿಧಿ ಕೆ. ಹನುಮಂತಯ್ಯ ಎದ್ದು ನಿಂತು, ನಮಗೆ ಬೇಕಿದ್ದದ್ದು ವೀಣೆಯ ಅಥವಾ ಸಿತಾರಿನ ನಾದ, ಇಲ್ಲಿ ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸದ್ದು ಅನ್ನುವ ಅರ್ಥದಲ್ಲಿ ದೂರುತ್ತಾರೆ. ಮುಂದೆ ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿದ ಅದೇ ಕೆಂಗಲ್ ಹನುಮಂತಯ್ಯ. ಅದೇ ತಿಂಗಳ 25ರಂದು ಅಂಬೇಡ್ಕರ್ ಮಾಡಿದ ಭಾಷಣ ಇದೆ. ರಾಜಕೀಯದಲ್ಲಿ ಒಬ್ಬರಿಗೆ ಒಂದು ಮತ, ಸಾಮಾಜಿಕ ಆರ್ಥಿಕ ಬದುಕಿನಲ್ಲಿ ಮಾತ್ರ ಅಸಮಾನತೆ, ಈ ವಿರೋಧಾಭಾಸ ಇಟ್ಟುಕೊಂಡು ಎಷ್ಟು ದಿನ ನಡೆಯುತ್ತೀರಿ ಅಂತ ಅವರು ಕೇಳುತ್ತಾರೆ. ಎರಡನ್ನೂ ಓದಲು ಒಂದು ಸಂಜೆ ಸಾಕು. ಪೆನ್ಸಿಲ್ ಕೈಯಲ್ಲಿರಲಿ, ಗೊತ್ತಾಗದ ಪದ ಬಂದರೆ ಆ ಇನ್ನೂರು ಪುಟದ ನೋಟ್‌ಬುಕ್ ಪಕ್ಕದಲ್ಲೇ ಇರಲಿ.